ಹಲಗೇರಿಯ ಸುಶ್ಮಿತಾ ಗಂಡನ್ನು ಒಪ್ಪಿದ ಬಗೆ

ಹಲಗೇರಿಯ ರೇಣುಕವ್ವನ ಮಗಳು ಸುಶ್ಮಿತಾಳಿಗೆ ಮೂರು ಸಲ ಗಂಡು ಬಂದು ಮೂರು ಸಲವೂ ಮಾತು ಮುರಿದಿತ್ತು. ಹುಡುಗಿ ಮುಖ ಎತ್ತಿ ನೋಡಲಿಲ್ಲ ಎಂದು ಮೊದಲನೆಯವರು ಹೋದರು. ಎರಡನೆಯ ಹುಡುಗನಿಗೆ ಅವಳು, 'ನಿಮ್ಮ ಕೂದಲಕ್ಕ ಬಣ್ಣ ಹಚ್ಚೀರೇನು, ಕಿವಿ ಮ್ಯಾಲೆ ಹತ್ತೇತಿ' ಎಂದು ತೋರಿಸಿದ್ದಳು. ಅವನು ಕಿವಿ ಒರೆಸಿಕೊಳ್ಳುತ್ತಲೇ ಎದ್ದು ಹೋದ. ಮೂರನೆಯದು ಮುರಿದದ್ದು ಹೋಳಿಗೆಯಿಂದ.

ನಮ್ಮ ಕಡೆ ಬೀಗರ ಊಟವೆಂದರೆ ಅರ್ಧ ಊಟ, ಅರ್ಧ ಜಗ್ಗಾಟ. ಬಡಿಸುವವರು ಹೋಳಿಗೆ ಹಿಡಿದು ಬರಬೇಕು, ಉಣ್ಣುವವರು ಎಲೆಗೆ ಅಡ್ಡ ಕೈ ಹಿಡಿದು ಸಾಕು ಸಾಕು ಅನ್ನಬೇಕು, ಬಡಿಸುವವರು ಆ ಕೈಯನ್ನು ಸರಿಸಿ ಎರಡು ಹಾಕಬೇಕು. ಆಮೇಲೆ ಉಣ್ಣುವವರು ಅಯ್ಯೋ ಎಂದು ನರಳಿ ಎರಡನ್ನೂ ತಿಂದು ಮುಗಿಸುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಆದರೆ ಎಲ್ಲರಿಗೂ ಬರುತ್ತದೆ. ಸುಶ್ಮಿತಾಳಿಗೆ ಬರುತ್ತಿರಲಿಲ್ಲ. ಹುಡುಗನ ಕಡೆಯ ನಾಲ್ವರು ಮೊದಲ ಹೋಳಿಗೆಗೇ ಸಾಕು ಅಂದರು. ಅವಳು ಸರಿ ಎಂದು ತಾಟನ್ನು ಒಳಗೆ ಒಯ್ದು, ಮೇಲೊಂದು ಬುಟ್ಟಿ ಮುಚ್ಚಿ ಇಟ್ಟಳು. ನಾಲ್ವರು ಖಾಲಿ ಎಲೆ ನೋಡುತ್ತ ಕುಳಿತರು. ಹದಿನೈದು ದಿನದಲ್ಲಿ ಸುತ್ತಲಿನ ಊರಿಗೆಲ್ಲ, ಹಲಗೇರಿಯಲ್ಲಿ ಬೀಗರನ್ನು ಹಸಿದು ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿತು.

"ಮನಿತನದ ಮಾನ ಕಳದ್ಯಲ್ಲವ್ವಾ!" ಎಂದು ಸೋದರಮಾವ ಮಾಲತೇಶಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಸುಶ್ಮಿತಾ ನಾಲ್ಕು ವರ್ಷದವಳಿದ್ದಾಗ ತಂದೆ ತೀರಿಕೊಂಡಿದ್ದ. ಅಂದಿನಿಂದ ಆ ಮನೆಯ ದೊಡ್ಡ ಮಾತುಗಳೆಲ್ಲ ಮಾಲತೇಶಪ್ಪನವೇ.

"ಅವ್ರು ಸಾಕು ಅಂದ್ರು ಮಾಮಾ. ನಾಕೂ ಮಂದಿ ಅಂದ್ರು. ಬ್ಯಾಡ ಅಂದೋರಿಗೆ ಹೆಂಗ ಹಾಕ್ಲಿ?" ಎಂದಳು ಸುಶ್ಮಿತಾ. ಅವಳು ವಾದ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಅದಕ್ಕೆ ಉತ್ತರ ಕೊಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಬೈಯುವವರು ಬೇಕಾದಷ್ಟು ಜನ ಇದ್ದರು.

ಬೈಗುಳ ಅವಳಿಗೆ ಹೊಸದಲ್ಲ. ಶಾಲೆಯಲ್ಲಿ ಯಾರ ಜೊತೆಗೂ ಆಡದಿದ್ದಾಗ ಸೊಕ್ಕಿನವಳು ಎನಿಸಿಕೊಂಡಳು. ಚಿಕ್ಕಮ್ಮನ ಮದುವೆಯಲ್ಲಿ ಬ್ಯಾಂಡಿನವರು ಬಾರಿಸಲು ಶುರುಮಾಡಿದ ಕೂಡಲೇ ಕಿವಿ ಮುಚ್ಚಿಕೊಂಡು ಪಾತ್ರೆಯ ಕೋಣೆ ಸೇರಿ, ಸಂಜೆಯವರೆಗೆ ಹೊರಗೆ ಬರಲಿಲ್ಲ. ಆಗ ಮಾಲತೇಶಪ್ಪ ಯಾರನ್ನೋ ಕರೆತಂದು ತಾಯತ ಕಟ್ಟಿಸಿದ. ತಾಯತದ ದಾರ ಚುಚ್ಚುತ್ತದೆ ಎಂದು ಅವಳು ಮರುದಿನವೇ ಬಿಚ್ಚಿ ಎಸೆದಳು. ಓದಿನಲ್ಲಿ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಬಿಎಸ್ಸಿ ಮುಗಿಸಿ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಪರೀಕ್ಷೆಯ ಕೆಲಸ ಹಿಡಿದಳು. ದಿನಾ ಎಂಟು ಗಂಟೆಯ ಬಸ್ಸು, ಎಡಗಡೆಯ ಮೂರನೆಯ ಸೀಟು.

ಕೆಲಸ ಇಷ್ಟೇ. ಒದ್ದೆ ಕಾಗದದ ಮೇಲೆ ನೂರು ನೂರರಂತೆ ಬೀಜ ಜೋಡಿಸಿ, ಸುರುಳಿ ಸುತ್ತಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ಹೇಳಿದ ದಿನಕ್ಕೆ ಬಿಚ್ಚಿ ಎಷ್ಟು ಮೊಳೆತಿವೆ, ಎಷ್ಟು ಸೊಟ್ಟಗಿವೆ, ಎಷ್ಟು ಸತ್ತಿವೆ ಎಂದು ಬರೆಯಬೇಕು. ಬೇರೆಯವರಿಗೆ ಬೇಸರ ತರುವ ಈ ಕೆಲಸ ಸುಶ್ಮಿತಾಳಿಗೆ ಹಬ್ಬ. ಮೊಳಕೆ ಸುಳ್ಳು ಹೇಳುವುದಿಲ್ಲ, ಒಂದು ಹೇಳಿ ಇನ್ನೊಂದು ಬಯಸುವುದಿಲ್ಲ. ಅವಳು ಬರೆದ ಅಂಕಿಯನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಆದರೆ ಅವಳೊಡನೆ ಯಾರೂ ಎರಡು ಮಾತು ಆಡುತ್ತಲೂ ಇರಲಿಲ್ಲ.

ಸಾನಿಯಾ ಬರುವವರೆಗೆ ಹೀಗೇ ನಡೆಯಿತು. ರಾಣೇಬೆನ್ನೂರಿನವಳೇ ಆದ ಸಾನಿಯಾ ಬೀಜದ ಪೊಟ್ಟಣಗಳಿಗೆ ನಂಬರು ಕೊಡುವ ಕೆಲಸಕ್ಕೆ ಸೇರಿದಳು. ಬಾಯಿ ಮುಚ್ಚಿದರೆ ಉಸಿರು ಕಟ್ಟೀತು ಎಂಬಷ್ಟು ಮಾತು ಅವಳದು. ಸೇರಿದ ಎರಡನೆಯ ವಾರ ಅವಳು ಒಂದು ಸಂಗತಿ ಗಮನಿಸಿದಳು. ಕರೆಂಟು ಹೋಗಿ ಜನರೇಟರು ಗುಡುಗಿದಾಗಲೆಲ್ಲ ಆ ಮೂಲೆಯ ಹುಡುಗಿ ಬೆಚ್ಚಿ, ಕೈಯಲ್ಲಿದ್ದ ಚಿಮುಟ ಬೀಳಿಸಿ, ಆಮೇಲೆ ಹತ್ತು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಮುಂದಿನ ಸಲ ಕರೆಂಟು ಹೋದ ಕ್ಷಣ ಸಾನಿಯಾ ಅಲ್ಲಿಂದಲೇ ಕೂಗಿದಳು.

"ಏ ಸುಶ್ಮಿತಾ, ಈಗ ಜನರೇಟರ್ ಹಚ್ಚತಾರ. ಕಿವಿ ಮುಚ್ಕೋ!"

ಸುಶ್ಮಿತಾ ಕಿವಿ ಮುಚ್ಚಿಕೊಂಡಳು. ಚಿಮುಟ ಬೀಳಲಿಲ್ಲ. ಆಗುವುದನ್ನು ಆಗುವ ಮೊದಲೇ ಹೇಳುವ ಒಬ್ಬಳು ಜಗತ್ತಿನಲ್ಲಿದ್ದಾಳೆ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಮಧ್ಯಾಹ್ನ ತಾನಾಗಿ ಹೋಗಿ ಸಾನಿಯಾಳ ಪಕ್ಕ ಕುಳಿತು ಡಬ್ಬಿ ಬಿಚ್ಚಿದಳು. ಎದುರಿಗಲ್ಲ, ಪಕ್ಕಕ್ಕೆ. ಇಬ್ಬರೂ ಕಿಟಕಿಯಾಚೆಯ ಬೇವಿನ ಮರ ನೋಡುತ್ತ ರೊಟ್ಟಿ ತಿಂದರು. ಮಾತಾಡುವ ಕೆಲಸವನ್ನು ಸಾನಿಯಾ ಇಬ್ಬರ ಪರವಾಗಿಯೂ ಮಾಡಿದಳು.

ಆ ಗೆಳೆತನ ಎರಡನೆಯ ವರ್ಷ ಇನ್ನೇನು ಹರಿಯಿತು ಅನ್ನುವಂತಾಯಿತು. ಸಾನಿಯಾಳ ತಂದೆ ಶಮಶೇರಸಾಬ ಎದೆನೋವಿನಿಂದ ತೀರಿಕೊಂಡ. ಕಂಪನಿಯ ಕಸ ಗುಡಿಸುವವಳಿಂದ ಹಿಡಿದು ಮ್ಯಾನೇಜರನವರೆಗೆ ಎಲ್ಲರೂ ಅವರ ಮನೆಗೆ ಹೋಗಿ ಬಂದರು, ಸುಶ್ಮಿತಾ ಒಬ್ಬಳನ್ನು ಬಿಟ್ಟು. ಹನ್ನೆರಡು ದಿನದ ಮೇಲೆ ಕೆಲಸಕ್ಕೆ ಬಂದ ಸಾನಿಯಾ ಮಧ್ಯಾಹ್ನ ಬೇರೆ ಕಡೆ ಕುಳಿತು ಉಂಡಳು. ಸುಶ್ಮಿತಾ ಡಬ್ಬಿ ಹಿಡಿದು ಅವಳ ಮುಂದೆ ಹೋಗಿ ನಿಂತಳು.

"ನಾ ಏನೋ ತಪ್ಪ ಮಾಡೇನಿ. ಏನಂತ ಹೇಳು," ಅಂದಳು.

ಸಾನಿಯಾಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. "ನಮ್ಮಪ್ಪ ಸತ್ತು ಹನ್ನೆರಡು ದಿನ ಆತು. ಎಲ್ಲಾರೂ ಬಂದ್ರು. ನೀ ಯಾಕ ಬರ್ಲಿಲ್ಲ?"

"ನೀ ಕರೀಲಿಲ್ಲಲ್ಲ! ನಿಮ್ಮ ಅಣ್ಣನ ಮದುವಿಗೆ ಕರದಿದ್ದಿ, ಬಂದಿದ್ನಿ. ಇದಕ್ಕೂ ಕರೀತಿ ಅಂತ ದಿನಾ ಫೋನ್ ನೋಡಾಕತ್ತಿದ್ನಿ. ಕರೀದ ಹೆಂಗ ಬರೂದು ಅಂತ ಕುಂತಿದ್ನಿ."

ಸಾನಿಯಾ ಅವಳನ್ನೇ ನೋಡಿದಳು. ಆಮೇಲೆ ಅಳುತ್ತಲೇ ನಕ್ಕುಬಿಟ್ಟಳು. "ಲೇ ಹುಚ್ಚಿ, ಸಾವಿನ ಮನಿಗೆ ಯಾರೂ ಕರ್ಯಂಗಿಲ್ಲ. ಸುದ್ದಿ ಕೇಳಿದ ಕೂಡ್ಲೆ ಬಂದ್ಬಿಡಬೇಕು."

"ಇದನ್ನ ನನಗ ಯಾರೂ ಹೇಳಿರಲಿಲ್ಲ. ಹಂಗಾದ್ರ ಇವತ್ತ ಬರ್ಲ್ಯಾ? ಬಂದು ಏನು ಮಾತಾಡಬೇಕು?"

"ಏನೂ ಮಾತಾಡಬ್ಯಾಡ. ನಮ್ಮವ್ವನ ಬಾಜೂಕ ಕುಂದ್ರು, ಸಾಕು."

ಸುಶ್ಮಿತಾ ಅಂದು ನಾಲ್ಕು ಗಂಟೆಗೆ ಹೋಗಿ ಸಾನಿಯಾಳ ತಾಯಿ ಮಾಸುಮಬಿಯ ಪಕ್ಕ ಕುಳಿತವಳು ಕೊನೆಯ ಬಸ್ಸಿನ ಹೊತ್ತಿಗೆ ಎದ್ದಳು. ಒಂದು ಮಾತು ಆಡಲಿಲ್ಲ, ಅತ್ತಿತ್ತ ನೋಡಲಿಲ್ಲ. ಬಂದವರೆಲ್ಲ ತಮ್ಮ ತಮ್ಮ ಮನೆಯ ಸಾವಿನ ಕಥೆ ಹೇಳಿ ಹೋದರು, ಈ ಹುಡುಗಿ ಒಬ್ಬಳು ತನ್ನ ಜೊತೆ ಕುಳಿತಳು ಎಂದು ಮಾಸುಮಬಿ ಮಗಳ ಹತ್ತಿರ ಹೇಳಿದಳಂತೆ. ಮುಂದಿನ ಹದಿನೈದು ದಿನವೂ ಸುಶ್ಮಿತಾ ಕೆಲಸ ಮುಗಿಸಿ ಅಲ್ಲಿಗೇ ಹೋದಳು. ದುಃಖಕ್ಕೆ ಹೀಗೂ ಜೊತೆಗಿರಬಹುದು ಎಂದು ಬಲ್ಲವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಆದರೆ ಸಾನಿಯಾಳ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಹುಬ್ಬಳ್ಳಿಯಲ್ಲಿದ್ದ ಅವಳ ಚಿಕ್ಕಮ್ಮನ ಮಗನಿಗೆ ಡಾಕ್ಟರು ಆಟಿಸಂ ಎಂದು ಹೇಳಿದ್ದರು. ಆ ಹುಡುಗನೂ ಹೀಗೇ ಕಿವಿ ಮುಚ್ಚಿಕೊಳ್ಳುತ್ತಿದ್ದ, ಹೀಗೇ ಆಡಿದ ಮಾತನ್ನು ಆಡಿದಷ್ಟೇ ನಂಬುತ್ತಿದ್ದ. ದೊಡ್ಡವರಿಗೂ ಇರುತ್ತದೆಯೇ ಎಂದು ಕೇಳಿ ತಿಳಿದು, ಗೆಳತಿಗೆ ನೇರವಾಗಿ ಹೇಳಿ, ಧಾರವಾಡದ ಒಬ್ಬ ಡಾಕ್ಟರ ಬಳಿ ಕರೆದೊಯ್ದಳು. ಮೂರು ಸಲ ಹೋಗಿ ಬಂದ ಮೇಲೆ ಕೈಗೆ ಕಾಗದ ಬಂತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಸುಶ್ಮಿತಾಳಿಗೆ ತಾನು ಯಾರೆಂಬುದಕ್ಕೆ ಒಂದು ಹೆಸರು ಸಿಕ್ಕಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಆ ಕಾಗದವನ್ನು ಏಳು ಸಲ ಓದಿದಳು. ಹಾವೇರಿ ದಾಟಿದ ಮೇಲೆ ಗಟ್ಟಿಯಾಗಿ ನಕ್ಕಳು. ಸೊಕ್ಕಲ್ಲ, ಹುಚ್ಚಲ್ಲ, ದೆವ್ವವಲ್ಲ! ಅಂದಿನಷ್ಟು ಹಗುರಾದ ದಿನ ಅವಳಿಗೆ ಇನ್ನೊಂದಿರಲಿಲ್ಲ.

ಮನೆಯಲ್ಲಿ ರೇಣುಕವ್ವ ಅತ್ತಳು. ಮಾಲತೇಶಪ್ಪ ಕಾಗದವನ್ನು ಇಸಿದುಕೊಂಡು ಟ್ರಂಕಿನ ತಳಕ್ಕೆ ಹಾಕಿ, "ಇದು ನಾಲ್ಕು ಗ್ವಾಡಿ ದಾಟಿ ಹ್ವಾರಗ ಹೋಗಬಾರದು" ಎಂದ. ಸುಶ್ಮಿತಾ ಮರುದಿನ ಟ್ರಂಕು ತೆಗೆದು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಇನ್ನು ಮೈಲೇಶನ ವಿಷಯ. ಬ್ಯಾಡಗಿಯ ಹೊರಗೆ ಮೋಟೆಬೆನ್ನೂರು ರಸ್ತೆಯ ಬದಿಗೆ ಅವನದೊಂದು ನರ್ಸರಿ. ಹಸಿರು ಬಲೆಯ ನೆರಳಿನಲ್ಲಿ, ಟ್ರೇಗಳಲ್ಲಿ ಮೆಣಸಿನ ಸಸಿ ಬೆಳೆಸಿ ರೈತರಿಗೆ ಮಾರುತ್ತಿದ್ದ. ಮೂವತ್ತೆರಡು ದಾಟಿತ್ತು. ನೌಕರಿ ಇಲ್ಲದ ಹುಡುಗನಿಗೆ ಈಗ ಹೆಣ್ಣು ಕೊಡುವವರು ಯಾರಿದ್ದಾರೆ? ಅವನ ತಾಯಿ ನೀಲವ್ವ ಐದು ವರ್ಷದಿಂದ ಹುಡುಕಿ ಸುಸ್ತಾಗಿದ್ದಳು. ಅವನು ಒಂದು ದಿನ ಒಂದು ಸೇರು ಮೆಣಸಿನ ಬೀಜ ಹಿಡಿದು ಪರೀಕ್ಷೆ ಮಾಡಿಸಲು ಕಂಪನಿಗೆ ಬಂದ. ಹದಿನಾಲ್ಕು ದಿನ ಬಿಟ್ಟು ಬಂದಾಗ ಸುಶ್ಮಿತಾ ಅವನ ಅಂಗಿಯ ಗುಂಡಿ ನೋಡುತ್ತ ಹೇಳಿದಳು.

"ನೂರಕ್ಕ ನಲವತ್ತೆಂಟು ಅಷ್ಟ ಮೊಳಕಿ ಬಂದಾವ. ಟ್ರೇಕ ಹಾಕಬ್ಯಾಡ್ರಿ."

"ಸ್ವಲ್ಪರ ಹೆಚ್ಚ ಆಗಬಹುದೇನ್ರಿ? ಚೊಲೊ ಬೀಜ ಅಂತ ಕೊಟ್ಟಿದ್ರು."

"ಆಗಂಗಿಲ್ಲ. ಉಳಿದದ್ದು ಸತ್ತಾವ."

ಎಲ್ಲರೂ 'ಚೊಲೊ ಅದಾವ, ಹಾಕ್ರಿ' ಎಂದೇ ಹೇಳುವುದನ್ನು ಕೇಳಿ ಬೆಳೆದ ಮೈಲೇಶನಿಗೆ ಈ ಉತ್ತರ ಎಲ್ಲೋ ತಟ್ಟಿತು. ಆ ಬೀಜ ಹಾಕಿದ್ದರೆ ಅರ್ಧ ಟ್ರೇ ಬೋಳಾಗಿ, ರೈತರ ಮುಂದೆ ಅವನ ಮರ್ಯಾದೆ ಮಣ್ಣಾಗುತ್ತಿತ್ತು. ಬೇರೆ ಬೀಜ ತಂದ, ಅದು ತೊಂಬತ್ತೊಂದು ಬಂತು. ಆಮೇಲೆ ಬೀಜವಿಲ್ಲದೆಯೂ ಬರತೊಡಗಿದ. ಎರಡು ಸಲ ಸುಶ್ಮಿತಾ ಸುಮ್ಮನಿದ್ದಳು. ಮೂರನೆಯ ಸಲ ಕೈ ಚಾಚಿದಳು.

"ಬೀಜ ಎಲ್ಲಿ?"

"ಬೀಜ ತಂದಿಲ್ಲರಿ. ನಿಮ್ಮನ್ನ ನೋಡಾಕ ಬಂದೆ."

"ನೋಡಿದ್ರಲಾ. ನನಗ ಇನ್ನೂ ಆರು ಸುರುಳಿ ಬಿಚ್ಚೂದೈತಿ," ಎಂದು ತಿರುಗಿ ಕೆಲಸ ಹಿಡಿದಳು. ಆ ಕಡೆ ಸಾನಿಯಾ ಹಣೆ ಚಚ್ಚಿಕೊಂಡಳು. ಮಧ್ಯಾಹ್ನ ಬೇವಿನ ಮರ ನೋಡುತ್ತ, ಇಪ್ಪತ್ತು ಕಿಲೋಮೀಟರು ದಾಟಿ ಬಿಸಿಲಲ್ಲಿ ಬರುವ ಗಂಡಸಿನ ಮನಸ್ಸಿನಲ್ಲಿ ಏನಿರುತ್ತದೆ ಎಂದು ಗೆಳತಿಗೆ ಬಿಡಿಸಿ ಹೇಳಿದಳು. ಸುಶ್ಮಿತಾ ರೊಟ್ಟಿ ಅರ್ಧಕ್ಕೆ ಬಿಟ್ಟಳು. ತನ್ನನ್ನು ನೋಡಲೆಂದೇ ಒಬ್ಬರು ಬರಬಹುದು ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಎದೆ ಜನರೇಟರಿಗಿಂತ ಜೋರಾಗಿ ಹೊಡೆದುಕೊಂಡಿತು, ಆದರೆ ಈ ಸದ್ದಿಗೆ ಕಿವಿ ಮುಚ್ಚಬೇಕು ಅನ್ನಿಸಲಿಲ್ಲ. ಮೂರು ದಿನ ಯೋಚಿಸಿ, ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನು ಮಾಡಿದಳು.

"ನೀವು ನನ್ನ ಮ್ಯಾಲೆ ಮನಸ್ಸಿಟ್ಟೀರಿ ಅಂತ ಸಾನಿಯಾ ಹೇಳ್ಯಾಳ. ಖರೇ ಏನ್ರಿ?"

ಆ ಕಡೆ ಸಸಿಗೆ ನೀರು ಚಿಮುಕಿಸುವ ಸದ್ದು ನಿಂತಿತು. "ಖರೇ ಐತ್ರಿ."

"ಆತು. ನನಗ ಹದಿನಾಲ್ಕು ದಿನ ಬೇಕು. ಅಲ್ಲೀತನಕ ಬರಬ್ಯಾಡ್ರಿ."

ಹದಿನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಅವಳೇ ಫೋನು ಮಾಡಿ ಭೇಟಿಗೆ ಕರೆದಳು. ಮುಂದಿನ ಭಾನುವಾರ ಇಬ್ಬರೂ ಊರಾಚೆಯ ಕೃಷ್ಣಮೃಗದ ಕಾಡಿನ ಬದಿ ಒಂದು ಕಲ್ಲಿನ ಮೇಲೆ, ಪಕ್ಕ ಪಕ್ಕ, ಒಂದೇ ಕಡೆ ಮುಖ ಮಾಡಿ ಕುಳಿತರು. ಅವಳು ಚೀಲದಿಂದ ಡಾಕ್ಟರ ಕಾಗದ ತೆಗೆದು ಕೊಟ್ಟಳು. ಅವನು ಪೂರ್ತಿ ಓದಿದ, ಅರ್ಥವಾಗದ್ದನ್ನು ಕೇಳಿದ. ಯಾವುದರಿಂದ ತ್ರಾಸಾಗುತ್ತದೆ, ಆದಾಗ ತಾನು ಏನು ಮಾಡಬೇಕು, ಏನು ಮಾಡಬಾರದು ಎಂದು ವಿಚಾರಿಸಿದ. ಅಯ್ಯೋ ಪಾಪ ಎಂದು ಒಮ್ಮೆಯೂ ಅನ್ನಲಿಲ್ಲ. ಅದೊಂದಕ್ಕೇ ಸುಶ್ಮಿತಾಳ ಮನಸ್ಸು ಅವನಿಗೆ ಸಂದುಹೋಯಿತು.

ಹಾಗೆಂದು ಮೈಲೇಶ ಎಡವಲೇ ಇಲ್ಲ ಎಂದಲ್ಲ. ಅವಳ ಹುಟ್ಟಿದ ಹಬ್ಬಕ್ಕೆ ಹೇಳದೆ ಕೇಳದೆ ನರ್ಸರಿಯಲ್ಲಿ ಕೇಕು ತರಿಸಿ, ಬಲೂನು ಕಟ್ಟಿಸಿ, ಕೆಲಸದ ಹೆಂಗಸರೆಲ್ಲ ಒಮ್ಮೆಗೇ ಚಪ್ಪಾಳೆ ತಟ್ಟುವಂತೆ ಮಾಡಿದ. ಎರಡು ಬಲೂನು ಒಡೆದವು. ಸುಶ್ಮಿತಾ ರಸ್ತೆಯವರೆಗೆ ಓಡಿ ಸಿಕ್ಕ ಬಸ್ಸು ಹತ್ತಿದಳು, ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಅವನ ಸಂದೇಶ ಬಂತು: 'ನಿನಗ ಖುಷಿ ಆಗ್ಲಿ ಅಂತ ಮಾಡಿದ್ನಿ, ಆದ್ರ ನನಗ ಖುಷಿ ಆಗೋದನ್ನ ಮಾಡಿದ್ನಿ. ಇನ್ನ ಮುಂದ ಕೇಳಿ ಮಾಡ್ತೀನಿ.' ಅವಳು ಅದನ್ನು ಸಾನಿಯಾಳಿಗೆ ತೋರಿಸಿದಳು. ಇಂಥದ್ದನ್ನು ಬರೆಯುವ ಗಂಡಸು ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬ ಸಿಗಲಾರ, ಹಿಡಿದುಕೋ ಎಂದಳು ಸಾನಿಯಾ.

ಹೀಗೆ ಎಂಟು ತಿಂಗಳಾದ ಮೇಲೆ ಮೈಲೇಶನೇ ತಾಯಿಗೆ ಹುಡುಗಿಯ ವಿಷಯ ತೆಗೆದ. ಹಿರಿಯರು ಬಂದು ನೋಡುವುದೆಂದು ಒಂದು ಭಾನುವಾರ ಗೊತ್ತಾಯಿತು. ಆಟಿಸಂ ಬಗ್ಗೆ ಮೊದಲೇ ತಾನು ಹೇಳಿಬಿಡಲೇ ಎಂದು ಅವನು ಕೇಳಿದಾಗ ಸುಶ್ಮಿತಾ, "ನನ್ನ ಮಾತು ನಾನ ಹೇಳ್ತೀನಿ" ಎಂದಿದ್ದಳು. ಮಾಲತೇಶಪ್ಪನ ವಿಚಾರ ಬೇರೆಯೇ ಇತ್ತು. ಅವನು ಹಿಂದಿನ ದಿನವೇ ಬಂದು ಸೋದರಸೊಸೆಯನ್ನು ಎದುರಿಗೆ ಕೂರಿಸಿಕೊಂಡ.

"ನೋಡವ್ವಾ, ನೀ ಚಾ ಕೊಡು, ನಮಸ್ಕಾರ ಮಾಡು, ಒಳಗ ಹೋಗು. ಬಾಯಿ ಬಿಡಬ್ಯಾಡ. ಉಳಿದದ್ದು ನಾ ನೋಡ್ಕೋತೀನಿ."

"ಕಾಗದದ ವಿಷಯ ನಾ ಹೇಳಬೇಕು ಮಾಮಾ."

"ಹೇಳಿದ್ರ ಅಲ್ಲಿಗೆ ಮುಗೀತು! ಎದ್ದು ಹೋಗತಾರ. ಮದುವಿಯಾಗಿ ಆರು ತಿಂಗಳ ಹೋಗ್ಲಿ, ಆಮ್ಯಾಲೆ ಹೇಳಿದ್ರಾತು."

"ಆರು ತಿಂಗಳು ಬ್ಯಾರೇದಾಕಿ ಆಗಿ ಇರಾಕ ನನಗ ಬರಂಗಿಲ್ಲ. ಮೊದಲನ ಖರೇ ಹೇಳ್ತೀನಿ."

ಮಾಲತೇಶಪ್ಪ ಕೆಟ್ಟವನಲ್ಲ. ಸೊಸೆ ಒಂಟಿಯಾಗಿ ಉಳಿದಾಳೆಂಬ ಭಯ ಅವನದು. ರೇಣುಕವ್ವ ಒಲೆಯ ಮುಂದೆ ಕುಳಿತು ಮಗಳ ಮುಖವನ್ನೂ ತಮ್ಮನ ಮುಖವನ್ನೂ ನೋಡಿ, ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಸುಶ್ಮಿತಾಳಿಗೂ ಭಯವಿತ್ತು. ಸುಳ್ಳೇಕೆ? ಮೂರು ಸಲ ಗಂಡು ಎದ್ದು ಹೋದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಹೋದರೆ ಎದ್ದು ಹೋಗುವವನು ಮೈಲೇಶ. ತಾಯಿಯ ಮಾತು ಮೀರುವವನಲ್ಲ ಅವನು. ಅವನಿಲ್ಲದ ಭಾನುವಾರಗಳನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬ್ಯಾಡಗಿಯವರು ಬಂದರು. ಮೈಲೇಶ, ಅವನ ತಾಯಿ ನೀಲವ್ವ, ಮತ್ತು ಮನೆತನಕ್ಕೆ ಹಿರಿಯನಾದ ದೊಡ್ಡಪ್ಪ ಗಿರಿಯಪ್ಪ. ತಲೆಗೆ ರುಮಾಲು ಸುತ್ತಿದ್ದ ಗಿರಿಯಪ್ಪನಿಗೆ ಎಪ್ಪತ್ತರ ಮೇಲಾಗಿತ್ತು. ಅವನು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಜಮಖಾನೆಯ ಮೇಲೆ ಎಲ್ಲರೂ ಕುಳಿತು ಮಳೆ, ಮೆಣಸಿನಕಾಯಿ ಪೇಟೆಯ ಮಾತು ಮುಗಿಸಿದರು. ಸುಶ್ಮಿತಾ ಚಹಾದ ತಾಟು ಹಿಡಿದು ಹೊರಗೆ ಬಂದಳು. ಸಾನಿಯಾ ಅಡುಗೆಮನೆಯ ಬಾಗಿಲಲ್ಲಿ ರೇಣುಕವ್ವನ ಪಕ್ಕ ನಿಂತಿದ್ದಳು.

"ಹುಡುಗಿ ಭಾಳ ನಾಚಿಕಿ ಸ್ವಭಾವದ್ದು. ಮಾತು ಕಡಿಮಿ, ಕೆಲಸ ಜಾಸ್ತಿ," ಎಂದು ಮಾಲತೇಶಪ್ಪ ನಗುತ್ತ ಶುರುಮಾಡಿದ.

ಸುಶ್ಮಿತಾ ತಾಟನ್ನು ಕೆಳಗಿಟ್ಟಳು. "ಅದು ಖರೇ ಅಲ್ರಿ," ಅಂದಳು. "ನನಗ ನಾಚಿಕಿ ಇಲ್ಲ. ನನಗ ಆಟಿಸಂ ಐತಿ."

ಮಾಲತೇಶಪ್ಪನ ನಗು ಮುಖದ ಮೇಲೆ ಹಾಗೇ ಒಣಗಿತು.

"ಏನದು? ಏನು ಬ್ಯಾನಿ?" ಎಂದು ಗಿರಿಯಪ್ಪ ಮುಂದಕ್ಕೆ ಬಾಗಿದ.

"ಬ್ಯಾನಿ ಅಲ್ರಿ. ಹುಟ್ಟಿದಾಗಿಂದ ನನ್ನ ತಲಿ ಕೆಲಸ ಮಾಡೋ ರೀತಿ ಬ್ಯಾರೆ ಐತಿ. ದೊಡ್ಡ ಸಪ್ಪಳ ಆದ್ರ ನನಗ ತಡ್ಯಾಕ ಆಗಂಗಿಲ್ಲ. ಕಣ್ಣಾಗ ಕಣ್ಣಿಟ್ಟು ನೋಡಾಕ ಆಗಂಗಿಲ್ಲ, ಅದಕ್ಕ ನಾ ಈಗ ನಿಮ್ಮ ರುಮಾಲು ನೋಡಿ ಮಾತಾಡಾಕತ್ತೇನಿ. ಹೇಳದ ಕೇಳದ ಯಾರರ ಮೈ ಮುಟ್ಟಿದ್ರ ಬೆಂಕಿ ತಾಗಿದಂಗ ಆಗತೈತಿ. ನೀವು ಬಾಯಿಲೆ ಒಂದು ಹೇಳಿ ಮನಸ್ಸಿನ್ಯಾಗ ಇನ್ನೊಂದು ಇಟ್ಕೊಂಡ್ರ ನನಗ ತಿಳಿಯಂಗಿಲ್ಲ. ತಿಳಿಸಿ ಹೇಳಿದ್ರ ಮಾತ್ರ ಮರೆಯಂಗಿಲ್ಲ. ಧಾರವಾಡದ ಡಾಕ್ಟ್ರು ಬರದು ಕೊಟ್ಟಾರ, ಓದ್ರಿ." ಒಂದೇ ಉಸಿರಿಗೆ ಹೇಳಿ ಕಾಗದವನ್ನು ಜಮಖಾನೆಯ ಮೇಲಿಟ್ಟಳು.

ಯಾರೂ ಕಾಗದ ಮುಟ್ಟಲಿಲ್ಲ. ಗಿರಿಯಪ್ಪ ಮೈಲೇಶನ ಕಡೆ ತಿರುಗಿದ. "ನಿನಗ ಗೊತ್ತಿತ್ತೇನಲೇ?"

"ಗೊತ್ತಿತ್ತು ದೊಡ್ಡಪ್ಪ. ಮೊದಲನೇ ಭೇಟಿಯಾಗನ ಹೇಳ್ಯಾಳ."

"ಮತ್ತ ನಮಗ್ಯಾಕ ಹೇಳಲಿಲ್ಲ?"

"ತನ್ನ ಮಾತು ತಾನ ಹೇಳ್ತೇನಿ ಅಂದಿದ್ಲು. ನಾ ಹೂಂ ಅಂದಿದ್ದೆ. ನನ್ನ ಮಾತು ಏನಂತ ಕೇಳಿದ್ರ, ಆಕೀನ ಬಿಟ್ಟು ಬ್ಯಾರೆ ಯಾರನ್ನೂ ನಾ ಒಲ್ಲೆ."

ನೀಲವ್ವ ಅಲ್ಲಿಯವರೆಗೆ ಸೆರಗು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಈಗ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. "ನಾಳೆ ಮಕ್ಕಳಾದ್ರ ಅವಕ್ಕೂ ಬರತೈತೇನವ್ವಾ?"

ಬಾಗಿಲಲ್ಲಿ ರೇಣುಕವ್ವ ಕಣ್ಣು ಮುಚ್ಚಿಕೊಂಡಳು. ಇಲ್ಲ ಅನ್ನು, ಒಂದೇ ಒಂದು ಸಲ ಇಲ್ಲ ಅಂದುಬಿಡು ಎಂದು ಮಾಲತೇಶಪ್ಪ ಕಣ್ಣಲ್ಲೇ ಬೇಡಿಕೊಂಡ. ಸುಶ್ಮಿತಾ ಅವನ ಕಣ್ಣು ನೋಡುವವಳೇ ಅಲ್ಲವಲ್ಲ.

"ಬರಬಹುದ್ರಿ," ಎಂದಳು. "ಬರದನೂ ಇರಬಹುದು. ಬಂದ್ರ ಆ ಕೂಸಿಗೆ ನಾ ಎಲ್ಲಾ ಹೇಳಿಕೊಡ್ತೀನಿ. ಯಾವಾಗ ಸಪ್ಪಳ ಆಗತೈತಿ ಅಂತ ಮೊದಲ ಹೇಳ್ತೀನಿ. ಮಂದಿ ಯಾಕ ಹಂಗ ಮಾತಾಡ್ತಾರ ಅಂತ ಬಿಡಿಸಿ ಹೇಳ್ತೀನಿ. ಸೊಕ್ಕು ಅಂತ ಯಾರಿಗೂ ಅನಗೊಡಂಗಿಲ್ಲ. ನನಗ ಇಪ್ಪತ್ತಾರು ವರ್ಷ ಹೇಳಿಕೊಡೋರು ಯಾರೂ ಇರಲಿಲ್ಲ. ಆ ಕೂಸಿಗೆ ನಾ ಇರ್ತೀನಿ."

ರೇಣುಕವ್ವನಿಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ತಾಯತ ಕಟ್ಟುವಾಗ ಮಗಳ ಕೈ ಹಿಡಿದದ್ದು ತಾನೇ ಎಂಬುದು ಅವಳ ಎದೆಗೆ ಚುಚ್ಚಿತು. ಸಾನಿಯಾ ಅವಳ ಹೆಗಲು ಹಿಡಿದುಕೊಂಡಳು.

ನೀಲವ್ವ ಮತ್ತೆ ಕೇಳಿದಳು. "ನಮ್ಮ ಮನಿಗೆ ಬರೋರು ಹೋಗೋರು ಭಾಳ. ಅವಾಗ ಏನು ಮಾಡ್ತಿ?"

"ಭಾಳ ಮಂದಿ ಆದ್ರ ಒಳಗ ಹೋಗಿ ಬಾಗಲಾ ಹಾಕ್ಕೊಂಡು ಅರ್ಧ ತಾಸು ಕುಂದರ್ತೀನ್ರಿ. ಆಮ್ಯಾಲೆ ಹ್ವಾರಗ ಬರ್ತೀನಿ."

ನೀಲವ್ವನ ಮುಖದಲ್ಲಿ ಏನೋ ಸಡಿಲಾಯಿತು. ಅವಳು ಗಿರಿಯಪ್ಪನ ಕಡೆ ತಿರುಗಿದಳು. "ಕೇಳಿದ್ರೇನು? ನಾ ನಿಮ್ಮ ಮನಿಗೆ ಸೊಸಿಯಾಗಿ ಬಂದು ಮೂವತ್ತೈದು ವರ್ಷಾತು. ಹಿಂಗ ಎದ್ದು ಒಳಗ ಹೋಗಿ ಬಾಗಲಾ ಹಾಕ್ಕೋಬಹುದು ಅಂತ ನನಗ ಯಾರೂ ಹೇಳಲಿಲ್ಲ ನೋಡ್ರಿ!"

ಮೊದಲು ಸಾನಿಯಾ ಕಿಸಕ್ಕೆಂದಳು. ಆಮೇಲೆ ಮೈಲೇಶ, ಕೊನೆಗೆ ಗಿರಿಯಪ್ಪನೇ ಮೀಸೆಯಡಿ ನಕ್ಕ. ನೀಲವ್ವ ಎದ್ದು ಬಂದು ಸುಶ್ಮಿತಾಳ ತಲೆ ಸವರಲು ಕೈ ಎತ್ತಿ, ನಡುವೆಯೇ ನಿಲ್ಲಿಸಿದಳು.

"ಮುಟ್ಟಲೇನವ್ವಾ?"

"ಇವತ್ತ ಬ್ಯಾಡ್ರಿ. ಇವತ್ತ ಭಾಳ ಆಗೇತಿ."

"ಆತು. ಇವತ್ತ ಬ್ಯಾಡ," ಎಂದು ನೀಲವ್ವ ಕೈ ಇಳಿಸಿ, ಅವಳ ಪಕ್ಕದಲ್ಲೇ ಒಂದು ಮೊಳ ಬಿಟ್ಟು ನಿಂತಳು.

ಗಿರಿಯಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೊನೆಯ ಮಾತು ಹಿರಿಯರದು, ಹುಡುಗಿ ತಲೆ ತಗ್ಗಿಸಿ ನಿಂತರೆ ಅದೇ ಅವಳ ಒಪ್ಪಿಗೆ. ನೂರಾರು ಮನೆಯ ಜಮಖಾನೆಯ ಮೇಲೆ ಕುಳಿತು ಅವನು ಅದನ್ನೇ ಹೇಳಿಕೊಂಡು ಬಂದವನು. "ಗಂಡಿನ ಕಡಿಯಿಂದ ಒಪ್ಪಿಗಿ. ಹುಡುಗಿ ಸುಮ್ಮನ ನಿಂತಾಳ ಅಂದ್ರ ಆಕೀನೂ ಒಪ್ಯಾಳ ಅಂತ ತಿಳ್ಕೊಳ್ಳೋಣು. ಸಕ್ರಿ ತರ್ರಿ."

"ತಿಳ್ಕೋಬ್ಯಾಡ್ರಿ," ಎಂದಳು ಸುಶ್ಮಿತಾ. "ಕೇಳ್ರಿ."

ಸಕ್ಕರೆಗೆ ಏಳಲು ಹೊರಟಿದ್ದ ಮಾಲತೇಶಪ್ಪ ಅರ್ಧಕ್ಕೆ ನಿಂತ. ಎಪ್ಪತ್ತು ವರ್ಷದಲ್ಲಿ ಗಿರಿಯಪ್ಪ ಯಾವ ಹುಡುಗಿಯನ್ನೂ ಹಾಗೆ ಕೇಳಿದವನಲ್ಲ, ತನ್ನ ಸ್ವಂತ ಹೆಣ್ಣುಮಕ್ಕಳನ್ನೂ ಕೇಳಿರಲಿಲ್ಲ. ಅವನು ರುಮಾಲು ಸರಿಪಡಿಸಿಕೊಂಡು, ನೆಟ್ಟಗೆ ಕುಳಿತು, ಪಂಚಾಯತಿಯ ಮುಂದೆ ಕೇಳುವಷ್ಟು ಮರ್ಯಾದೆಯಿಂದ ಕೇಳಿದ.

"ಏನವ್ವಾ ಸುಶ್ಮಿತಾ, ನಮ್ಮ ಮನಿ ಹುಡುಗ ಮೈಲೇಶ ನಿನಗ ಒಪ್ಪಿಗಿ ಅದಾನೇನು?"

"ಒಪ್ಪಿಗಿ ಅದಾರ್ರಿ!" ಎಂದಳು ಅವಳು. ದನಿಯ ಅಳತೆ ಅವಳಿಗೆ ಎಂದೂ ಸಿಗುತ್ತಿರಲಿಲ್ಲ, ಅಂದಂತೂ ಸಿಗಲೇ ಇಲ್ಲ. ಬಾಜೂ ಮನೆಯ ಹೆಂಗಸರು ಕೆಲಸ ಬಿಟ್ಟು ಗೋಡೆಯ ಮೇಲಿಂದ ಇಣುಕಿದರು. ಸೊಕ್ಕಿನ ಹುಡುಗಿ, ಹೋಳಿಗೆ ಒಳಗಿಟ್ಟ ಹುಡುಗಿ ಎಂದು ನಾಲಿಗೆ ಹರಿಬಿಟ್ಟವರೆಲ್ಲ ಆ ಮಾತನ್ನು ಸ್ವಂತ ಕಿವಿಯಿಂದ ಕೇಳಿದರು. ಮೈಲೇಶ ಅಲ್ಲೇ ಕುಳಿತಲ್ಲಿ ಅಂಗೈಯಿಂದ ಕಣ್ಣು ಒರೆಸಿಕೊಂಡ.

ಆಮೇಲೆ ಸಕ್ಕರೆ ಹಂಚಿದ್ದು ಮಾಲತೇಶಪ್ಪನೇ. ಗಿರಿಯಪ್ಪನಿಂದ ಹಿಡಿದು ಗೋಡೆಯಾಚೆಯ ಹೆಂಗಸರವರೆಗೆ ಎಲ್ಲರ ಕೈಗೂ ಹಾಕಿ, ಕೊನೆಗೆ ಸೊಸೆಯ ಮುಂದೆ ಬಂದು ನಿಂತು, "ಹಾಕಲೇನವ್ವಾ?" ಎಂದು ಕೇಳಿದ.